ಬಿಬಿಎಗೆ ಸೇರುವ ಮುಂಚೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಪಿಯುಸಿಯಲ್ಲಿ ವಿಜ್ಞಾನ ಓದಿದ್ದೇನೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಬಿಬಿಎ (ವ್ಯವಹಾರ ನಿರ್ವಹಣೆಯ ಪದವಿ) ಮಾಡುವ ಆಸೆ. ಅಕೌಂಟೆನ್ಸಿಯ ಗಂಧಗಾಳಿ ಇಲ್ಲ. ಹಾಜರಿ ವಿಷಯದಲ್ಲಿ ಬಹಳ ಬಿಗಿ ಅಂತಲೂ ಕೇಳಿದ್ದೇನೆ. ಸೇರಬಹುದೇ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಧಾರಾಳವಾಗಿ ಸೇರಿ. ಆದರೆ ಹಾಜರಿಯ ಲೆಕ್ಕವನ್ನು ಈಗಲೇ ಹಾಕಿಕೊಳ್ಳಿ. ಅಲ್ಲಿ ಸೆಮಿಸ್ಟರ್ ಪರೀಕ್ಷೆಗೆ ಕೂರಲು 85% ಹಾಜರಿ ಬೇಕು. ಒಂದು ಸೆಮಿಸ್ಟರ್‌ಗೆ 450 ತರಗತಿ, ದಿನಕ್ಕೆ 6 ಎಂದಿಟ್ಟುಕೊಳ್ಳಿ. ತಪ್ಪಿಸಬಹುದಾದದ್ದು 67 ತರಗತಿ, ಅಂದರೆ 11 ದಿನ ಮಾತ್ರ. ಗೌರಿ-ಗಣೇಶಕ್ಕೆ ಮೂರು ದಿನ, ಅಕ್ಕನ ಮದುವೆಗೆ ನಾಲ್ಕು ದಿನ ಊರಿಗೆ ಹೋದರೆ ಉಳಿಯುವುದು ನಾಲ್ಕೇ ದಿನ. ಆಮೇಲೆ ಒಂದು ವಾರ ಜ್ವರ ಬಂದು ಮಲಗಿದರೆ ಗತಿಯೇನು? ರಜೆಯನ್ನು ಮೊದಲ ತಿಂಗಳಲ್ಲೇ ಖರ್ಚು ಮಾಡಿಬಿಡುವವರೇ ಕೊನೆಗೆ ಸಿಕ್ಕಿಬೀಳುವುದು. ಹಾಜರಿಯನ್ನು ವಾರಕ್ಕೊಮ್ಮೆ ನೋಡಿಕೊಳ್ಳಿ. ಇನ್ನೊಂದು ಮಾತು: ಅಂಕಗಳಲ್ಲಿ ದೊಡ್ಡ ಪಾಲು ಸೆಮಿಸ್ಟರ್ ಉದ್ದಕ್ಕೂ ನಡೆಯುವ ಆಂತರಿಕ ಮೌಲ್ಯಮಾಪನದ್ದು. ಪರೀಕ್ಷೆ ಹತ್ತಿರ ಬಂದಾಗ ಓದಿದರಾಯಿತು ಎನ್ನುವ ಪಿಯುಸಿ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಅಕೌಂಟೆನ್ಸಿಗೆ ಹೆದರಬೇಡಿ. ಫಲಿತಾಂಶಕ್ಕೂ ತರಗತಿ ಆರಂಭಕ್ಕೂ ನಡುವಿನ ಬಿಡುವಿನಲ್ಲಿ ಪ್ರಥಮ ಪಿಯು ಲೆಕ್ಕಶಾಸ್ತ್ರದ ಪುಸ್ತಕ ತಂದು, ಜರ್ನಲ್ (ವಹಿವಾಟನ್ನು ಮೊದಲು ಬರೆಯುವ ಪುಸ್ತಕ), ಲೆಡ್ಜರ್ (ಖಾತೆವಾರು ಪುಸ್ತಕ), ಟ್ರಯಲ್ ಬ್ಯಾಲೆನ್ಸ್ (ಎಡಗಡೆಯ ಡೆಬಿಟ್, ಬಲಗಡೆಯ ಕ್ರೆಡಿಟ್ ಮೊತ್ತಗಳು ಸಮವೇ ಎಂದು ನೋಡುವ ಪಟ್ಟಿ) ಈ ಮೂರನ್ನು ಕೈಯಲ್ಲಿ ಬರೆದು ಕಲಿಯಿರಿ. ಹೊಸಬರು ಎಡವುವ ಜಾಗ ಒಂದಿದೆ. ಅಂಗಡಿಯ ಮಾಲೀಕರು ಗಲ್ಲಾಪೆಟ್ಟಿಗೆಯಿಂದ 2,000 ರೂಪಾಯಿ ತೆಗೆದು ಮನೆಗೆ ದಿನಸಿ ತಂದರು. ಇದನ್ನು ಅಂಗಡಿಯ ಖರ್ಚೆಂದು ಬರೆದರೆ ಲಾಭ 2,000 ಕಡಿಮೆ ಕಾಣುತ್ತದೆ. ಆದರೂ ಟ್ರಯಲ್ ಬ್ಯಾಲೆನ್ಸ್ ಸರಿಯಾಗಿಯೇ ಕೂಡುತ್ತದೆ, ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಸರಿಯಾದ ನಮೂದು: ಡ್ರಾಯಿಂಗ್ಸ್ (ಮಾಲೀಕರು ಸ್ವಂತಕ್ಕೆ ತೆಗೆದದ್ದು) ಖಾತೆ ಡೆಬಿಟ್, ನಗದು ಖಾತೆ ಕ್ರೆಡಿಟ್. ವ್ಯಾಪಾರ ಬೇರೆ, ಮಾಲೀಕ ಬೇರೆ ಎಂಬ ತತ್ವ ಇಲ್ಲಿ ತಲೆಗೆ ಹೋದರೆ ಮುಂದಿನ ಬ್ಯಾಲೆನ್ಸ್ ಶೀಟ್ (ಆಸ್ತಿ-ಹೊಣೆಗಳ ಪಟ್ಟಿ) ಅರ್ಧ ಅರ್ಥವಾದಂತೆ.

ಪ್ರಶ್ನೆ: ಕ್ರೈಸ್ಟ್ ಪಾದ್ರಿಗಳು ನಡೆಸುವ ಸಂಸ್ಥೆ. ನಮ್ಮ ಮಗ ಪ್ರಾರ್ಥನೆಗೆ ಹೋಗಲೇಬೇಕಾಗುತ್ತದೆಯೇ?
– ತಂದೆ, ಹಾಸನ

ಉತ್ತರ: ಇಲ್ಲ. ಇದನ್ನು 1969ರಲ್ಲಿ ಕಾಲೇಜಾಗಿ ಆರಂಭಿಸಿದವರು ಸಿಎಂಐ ಎಂಬ ಕ್ಯಾಥೊಲಿಕ್ ಸಭೆಯ ಗುರುಗಳು. 2008ರಲ್ಲಿ ಡೀಮ್ಡ್ (ವಿಶ್ವವಿದ್ಯಾಲಯಕ್ಕೆ ಸಮಾನವೆಂದು ಪರಿಗಣಿತ) ವಿಶ್ವವಿದ್ಯಾಲಯವಾಯಿತು. ಸರ್ಕಾರದ ಮಾನ್ಯತೆ ಪಡೆದ ಯಾವ ಶಿಕ್ಷಣ ಸಂಸ್ಥೆಯೂ ವಿದ್ಯಾರ್ಥಿಯನ್ನು, ಅವನ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಗಾಗಲಿ ಪೂಜೆ-ಪ್ರಾರ್ಥನೆಗಾಗಲಿ ಕೂರಿಸುವಂತಿಲ್ಲ ಎಂದು ಸಂವಿಧಾನದ 28(3)ನೇ ವಿಧಿ ಹೇಳುತ್ತದೆ. ಅವನಿಗೆ 18 ತುಂಬಿರದಿದ್ದರೆ ಪೋಷಕರಾದ ನಿಮ್ಮ ಒಪ್ಪಿಗೆ ಬೇಕು. ವೇಳಾಪಟ್ಟಿಯಲ್ಲಿ ಕಾಣುವ ಹೋಲಿಸ್ಟಿಕ್ ಎಜುಕೇಶನ್ ಎಂಬುದು ಜೀವನ ಕೌಶಲದ ತರಗತಿ, ಧರ್ಮಬೋಧೆಯಲ್ಲ.

ಪ್ರಶ್ನೆ: ಸಿಯುಇಟಿ ಪ್ರವೇಶ ಪರೀಕ್ಷೆ ಬರೆದಿದ್ದೇನೆ. ಕ್ರೈಸ್ಟ್‌ಗೆ ಅದೇ ಸಾಕಲ್ಲವೇ?
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಸಾಲದು. ಹೆಸರು ಒಂದೇ, ಪರೀಕ್ಷೆ ಎರಡು. ನೀವು ಬರೆದದ್ದು ಎನ್‌ಟಿಎ (ರಾಷ್ಟ್ರೀಯ ಪರೀಕ್ಷಾ ಸಂಸ್ಥೆ) ನಡೆಸುವ ರಾಷ್ಟ್ರಮಟ್ಟದ್ದು. ಕ್ರೈಸ್ಟ್‌ನದು ಅದರ ಸ್ವಂತ ಪ್ರವೇಶ ಪರೀಕ್ಷೆ, ಅರ್ಜಿಯೂ ಬೇರೆ, ಜೊತೆಗೆ ಸಂದರ್ಶನವೂ ಇದೆ. ಕೊನೆಯ ದಿನಾಂಕವನ್ನು ವಿಶ್ವವಿದ್ಯಾಲಯದ ಪ್ರಕಟಣೆಯಲ್ಲೇ ನೋಡಿ ಇವತ್ತೇ ಬರೆದಿಟ್ಟುಕೊಳ್ಳಿ. ಸೀಟು ಸಿಕ್ಕರೆ, ಹಣ ಕಟ್ಟುವ ಮೊದಲು ಶುಲ್ಕ ವಾಪಸಾತಿಯ ನಿಯಮವನ್ನು ಅಪ್ಪ-ಅಮ್ಮನ ಜೊತೆ ಕೂತು ಓದಿ.