ಎಲೆಯ ಅಚ್ಚು ಮಸುಕಾಗುತ್ತಿದ್ದರೆ

ಬಣ್ಣ ಬಳಿದ ಒದ್ದೆ ಬಟ್ಟೆಯ ಮೇಲೆ ಎಲೆ ಇಟ್ಟು, ಬಿಸಿಲಿನಲ್ಲಿ ಒಣಗಿಸಿ ಅದರ ಅಚ್ಚು ಮೂಡಿಸುವಾಗ, ಬಿಸಿಲು ಚೆನ್ನಾಗಿದ್ದರೂ ಎಲೆಯ ಅಂಚು ಮಸುಕಾಗಿ ಬರುತ್ತಿದೆ ಎಂದು ಕೇಳಿದ್ದೀರಿ. ನನ್ನ ಅನುಮಾನ ನಿಮ್ಮ ಬಣ್ಣದ ಮೇಲಲ್ಲ, ಎಲೆಯ ಮೇಲೆ. ಇಲ್ಲಿ ಬಿಸಿಲು ಬಣ್ಣವನ್ನು ಮಾಸಿಸುವುದಿಲ್ಲ. ತೆರೆದ ಭಾಗ ಬೇಗ ಒಣಗುತ್ತಾ ಎಲೆಯಡಿಯ ಒದ್ದೆ ಜಾಗದಿಂದ ನೀರನ್ನೂ ಅದರೊಂದಿಗೆ ಬಣ್ಣವನ್ನೂ ಎಳೆದುಕೊಳ್ಳುತ್ತದೆ. ಎಲೆಯಡಿ ತಿಳಿ ಬಣ್ಣದ ಆಕಾರ ಉಳಿಯುತ್ತದೆ. ಎಲೆ ಮುದುಡಿ ಮೇಲೆದ್ದರೆ ಆ ಅಂಚೂ ಒಟ್ಟಿಗೇ ಒಣಗಿಬಿಡುತ್ತದೆ. ಹಾಗಾಗಿ ಎಲೆಗಳನ್ನು ಮೊದಲೇ ದಪ್ಪ ಪುಸ್ತಕದಡಿ ಒತ್ತಿಟ್ಟು ಚಪ್ಪಟೆ ಮಾಡಿಕೊಳ್ಳಿ. ಮೇಲೆ ಸಣ್ಣ ಕಲ್ಲುಗಳನ್ನು ಇಡಿ, ಆದರೆ ಎಲೆಯ ಅಂಚು ದಾಟದಂತೆ. ಇಲ್ಲದಿದ್ದರೆ ಕಲ್ಲಿನ ಗುರುತೂ ಮೂಡುತ್ತದೆ. ಗಾಳಿ ಜೋರಾಗಿರುವ ದಿನ ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು.

ಇನ್ನೊಂದು ಮುಖ್ಯ ಮಾತು: ಬಣ್ಣ ಬಳಿದ ತಕ್ಷಣ, ಬಟ್ಟೆ ಪೂರ್ತಿ ಒದ್ದೆಯಿರುವಾಗಲೇ ಎಲೆ ಇಡಬೇಕು. ಬಟ್ಟೆಗೆ ಬಳಸುವ ಪಾರದರ್ಶಕ ಬಣ್ಣವನ್ನೇ ನೀರಿನಲ್ಲಿ ತೆಳುವಾಗಿಸಿ. ದಪ್ಪ ಬಣ್ಣ ಹರಿದಾಡುವುದಿಲ್ಲ. ಹೊಸ ಬಟ್ಟೆಯಾದರೆ ಒಗೆದು ಗಂಜಿ ತೆಗೆಯಿರಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಬಟ್ಟೆ ಸಂಪೂರ್ಣ ಒಣಗುವವರೆಗೆ ಎಲೆ ಎತ್ತಿ ನೋಡುವ ಆಸೆಯನ್ನು ದಯವಿಟ್ಟು ತಡೆದುಕೊಳ್ಳಿ. ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಮಾಡಿದರೆ ಬಣ್ಣ ನಿಲ್ಲುತ್ತದೆ.