ಅಥೆನ್ಸ್‌ನಲ್ಲಿ ಚಳಿಗಾಲದ ರಾತ್ರಿ ಹೊಗೆ, ಬೇಸಿಗೆಯ ಮಧ್ಯಾಹ್ನ ಓಝೋನ್: ಯಾಕೆ ಹೀಗೆ?

ಊರು ಕೂತಿರುವುದೇ ಬಟ್ಟಲಿನಲ್ಲಿ. ಪಾರ್ನಿಥಾ (1,413 ಮೀಟರ್), ಪೆಂಟೆಲಿ, ಹಿಮೆಟ್ಟಸ್, ಐಗಾಲಿಯೊ ಬೆಟ್ಟಗಳು ಸುತ್ತ. ನೈಋತ್ಯಕ್ಕೆ ಮಾತ್ರ ಸಮುದ್ರ. ಚಳಿಗಾಲದಲ್ಲಿ ಗಾಳಿ, ಮೋಡ ಎರಡೂ ಇಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ತಂಪು ಗಾಳಿ ಕೆಳಗೇ ಉಳಿದು, ಬೆಚ್ಚನೆಯದು ಮೇಲೆ ಮುಚ್ಚಳದಂತೆ ಕೂರುತ್ತದೆ. ಸೌದೆ ಒಲೆಗಳ ಹೊಗೆ ಅದರಡಿ ಸಿಕ್ಕಿಬೀಳುತ್ತದೆ. 2012ರಲ್ಲಿ ಮನೆ ಬೆಚ್ಚಗಿಡಲು ಉರಿಸುವ ಎಣ್ಣೆಯ ತೆರಿಗೆ ಏರಿ ಜನ ಸೌದೆಗೆ ಹೊರಳಿದ ಮೇಲಂತೂ ಇದು ಇನ್ನೂ ಜಾಸ್ತಿ.

ಬೇಸಿಗೆಯಲ್ಲಿ ಉತ್ತರದ ಮೆಲ್ಟೆಮಿ ಗಾಳಿ ಬೀಸಿದರೆ ಬಟ್ಟಲು ಖಾಲಿ. ಅದು ನಿಂತ ದಿನ ಕಡಲಗಾಳಿ ವಾಹನಗಳ ಹೊಗೆಯನ್ನು ಒಳಕ್ಕೆ ತಳ್ಳುತ್ತದೆ, ಬಿಸಿಲು ಅದರಿಂದ ಓಝೋನ್ (ನೆಲಮಟ್ಟದಲ್ಲಿ ಉಸಿರಿಗೆ ಕೆಡುಕಾದ ಅನಿಲ) ಮಾಡುತ್ತದೆ. ಹಾಗಾಗಿಯೇ ಓಝೋನ್ ಹೆಚ್ಚಿರುವುದು ಪೇಟೆಯ ನಡುವೆ ಅಲ್ಲ, ಉತ್ತರದ ಹೊರವಲಯದಲ್ಲಿ! ವಸಂತದಲ್ಲಿ ಸಹಾರಾ ಧೂಳು ಬೇರೆ. 2024ರ ಏಪ್ರಿಲ್ 23ರಂದು ಆಕಾಶವೇ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.