ಮುಂದಿನ ಸಾಲಿನಲ್ಲಿ ಯಾರು ನಿಲ್ಲಬೇಕು?

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಎರಡು ಡ್ಯಾನ್ಸ್ ತಂಡಗಳಿವೆ. ನಮ್ಮದು ಭರತನಾಟ್ಯ, ಅವರದು ಹಿಪ್‌ಹಾಪ್. ಪ್ರಾಕ್ಟೀಸ್ ಹಾಲ್‌ಗಾಗಿ ಶುರುವಾದ ಜಗಳ ಈಗ ಎದುರು ಸಿಕ್ಕರೆ ಮುಖ ತಿರುಗಿಸುವ ಮಟ್ಟಕ್ಕೆ ಬಂದಿದೆ. ಈ ಸಲ ಎಲ್ಲರೂ ಸೇರಿ ಒಂದೇ ನೃತ್ಯ ಮಾಡೋಣ ಅಂತ ನಾನೇ ಹೇಳಿದೆ. ಮುಂದಿನ ಸಾಲಿನಲ್ಲಿ ಯಾರು ನಿಲ್ಲಬೇಕು ಅನ್ನೋ ಮಾತಿಗೇ ಮೊದಲ ಮೀಟಿಂಗ್ ಮುರಿದುಬಿತ್ತು. ಐದು ನಿಮಿಷ ನಾವು, ಐದು ನಿಮಿಷ ಅವರು ಅಂತ ಹಂಚಿಕೊಂಡರೆ ಸಾಕಲ್ವಾ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ದಯವಿಟ್ಟು ಹಾಗೆ ಹಂಚಿಕೊಳ್ಳಬೇಡಿ. ಹಂಚಿಕೊಂಡರೆ ಅದು ಇನ್ನೊಂದು ಸ್ಪರ್ಧೆ ಆಗುತ್ತದೆ ಅಷ್ಟೇ. ಪರದೆಯ ಪಕ್ಕ ನಿಂತು ಯಾರಿಗೆ ಚಪ್ಪಾಳೆ ಜಾಸ್ತಿ ಬಿತ್ತು ಅಂತ ಎರಡೂ ಕಡೆಯವರು ಲೆಕ್ಕ ಹಾಕುತ್ತೀರಿ.

1954ರಲ್ಲಿ ಮುಜಾಫರ್ ಶೆರಿಫ್ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದ ಒಕ್ಲಹೋಮಾದಲ್ಲಿ 22 ಹುಡುಗರನ್ನು ಎರಡು ಗುಂಪು ಮಾಡಿ ಬೇಸಿಗೆ ಶಿಬಿರದಲ್ಲಿ ಇಟ್ಟಿದ್ದರು. ಪಂದ್ಯ ಆಡಿಸಿದ್ದೇ ತಡ, ಕಿತ್ತಾಟ ಶುರು. ಒಟ್ಟಿಗೆ ಸಿನಿಮಾ ತೋರಿಸಿದರು, ಒಟ್ಟಿಗೆ ಊಟಕ್ಕೆ ಕೂರಿಸಿದರು. ಹುಡುಗರು ಊಟವನ್ನೇ ಎಸೆದಾಡಿಕೊಂಡರು. ಮನಸ್ಸು ಕರಗುತ್ತಾ ಬಂದದ್ದು ಯಾವಾಗ ಗೊತ್ತಾ? ಶಿಬಿರದ ನೀರು ನಿಂತುಹೋಗಿ ಎಲ್ಲರೂ ಸೇರಿ ಕಾರಣ ಹುಡುಕಬೇಕಾಗಿ ಬಂದಾಗ, ಊಟ ತರಬೇಕಾದ ಲಾರಿ ಸ್ಟಾರ್ಟ್ ಆಗದೆ ಎರಡೂ ಗುಂಪು ಹಗ್ಗ ಕಟ್ಟಿ ಎಳೆಯಬೇಕಾಗಿ ಬಂದಾಗ. ಇದನ್ನೆಲ್ಲ ಹೂಡಿದ್ದು ಶಿಬಿರ ನಡೆಸುತ್ತಿದ್ದವರೇ. ಹುಡುಗರು ಲಾರಿ ಎಳೆದದ್ದು ತಾವು ಹಗ್ಗಜಗ್ಗಾಟ ಆಡಿದ್ದ ಅದೇ ಹಗ್ಗದಿಂದ. ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾಗುವುದು ಆ ಹಗ್ಗವೇ.

ನಿಮ್ಮ ನೃತ್ಯಕ್ಕೂ ಅಂಥ ಒಂದು ಹಗ್ಗ ಬೇಕು, ಅಂದರೆ ಎರಡರಲ್ಲಿ ಒಂದು ತಂಡ ಇಲ್ಲದಿದ್ದರೂ ನಿಂತೇ ಹೋಗುವಂಥ ಭಾಗ. ಅದು ನಿಮ್ಮ ಕೈಯಲ್ಲೇ ಇದೆ. ನೀವು ಕುಣಿಯುವ ಆದಿತಾಳಕ್ಕೆ 4, 2, 2 ಸೇರಿ ಎಂಟು ಅಕ್ಷರ, ಅಂದರೆ ಎಂಟು ಎಣಿಕೆ. ಹಿಪ್‌ಹಾಪ್‌ನವರೂ ಸ್ಟೆಪ್ ಎಣಿಸುವುದು ಎಂಟರ ಲೆಕ್ಕದಲ್ಲೇ. ನಿಮ್ಮದು ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕೂತ ಅರಮಂಡಿ, ಅವರೂ ಮಂಡಿ ಬಗ್ಗಿಸಿಯೇ ಬೀಟ್ ಹಿಡಿಯುತ್ತಾರೆ. ಟ್ರ್ಯಾಕ್ ಪೂರ್ತಿ ನಿಲ್ಲಿಸಿಬಿಡಿ, ನೆಲಕ್ಕೆ ಪಾದ ತಟ್ಟುವ ನಿಮ್ಮ ತಟ್ಟಡವಿನ ಸದ್ದೇ ಅವರಿಗೆ ಬೀಟ್ ಆಗಲಿ. ಆಮೇಲೆ ಅವರು ಚಪ್ಪಾಳೆಯಲ್ಲಿ ಲಯ ಕೊಡಲಿ, ನೀವು ಜತಿ, ಅಂದರೆ ತಾಳಕ್ಕೆ ಹೆಣೆದ ಹೆಜ್ಜೆಗಳ ಸರಣಿ, ಮಾಡಿ. ಅವರು ತಪ್ಪಿದರೆ ನೀವೂ ತಪ್ಪುತ್ತೀರಿ, ಆ ಭಯ ಇರಬೇಕು.

ಕಲಿಸುವುದೂ ಜೋಡಿಯಲ್ಲೇ ಆಗಲಿ, ಆ ತಂಡದ ಒಬ್ಬರು, ಈ ತಂಡದ ಒಬ್ಬರು. ಇಂಥ ಒಂದು ರಿಹರ್ಸಲ್ ನಾನು ನೋಡಿದ್ದೇನೆ. ಮೊದಲ ದಿನ ಗೋಡೆಗೆ ಒರಗಿ ಫೋನ್ ನೋಡುತ್ತಾ ನಿಂತಿದ್ದ ಹುಡುಗನಿಗೆ ಒಬ್ಬಳು ಅರಮಂಡಿ ಹೇಳಿಕೊಡಲು ಬಂದಳು. ‘ಇನ್ನೂ ಕೆಳಗೆ, ಇನ್ನೂ’ ಅನ್ನುತ್ತಲೇ ಇದ್ದಳು. ಅವನ ತೊಡೆ ನಡುಗತೊಡಗಿತು. ‘ಇದನ್ನು ನೀವು ದಿನಾ ಮಾಡ್ತೀರಾ?’ ಅಂತ ಕೇಳಿದ. ಆ ಎರಡು ತಂಡಗಳ ನಡುವೆ ನಾನು ಕೇಳಿದ ಮೊದಲ ಗೌರವದ ಮಾತು ಅದು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬ್ರೆಜಿಲ್‌ನ ಹೈಸ್ಕೂಲ್ ಮಕ್ಕಳು ಒಂದೇ ಲಯಕ್ಕೆ ಕುಣಿದಾಗ ಜೊತೆಗೆ ಕುಣಿದವರ ಮೇಲೆ ಆಪ್ತಭಾವ ಜಾಸ್ತಿಯಾದದ್ದು ಕಂಡುಬಂತು. ಆದರೆ ನಿಮ್ಮವರು ನಿಮ್ಮವರ ಜೊತೆಗೇ ಕುಣಿದರೆ ಆ ಆಪ್ತತೆಯೂ ನಿಮ್ಮೊಳಗೇ ಉಳಿಯುತ್ತದೆ.

ಇನ್ನು ಮುಂದಿನ ಸಾಲು. ಯಾರೂ ಅಲ್ಲೇ ಅಂಟಿಕೊಂಡು ನಿಲ್ಲಬಾರದು. ಎಂಟರ ಎಣಿಕೆ ನಾಲ್ಕು ಸಲ ಮುಗಿದ ಕೂಡಲೇ ಹಿಂದಿನವರು ಮುಂದೆ ಬರುವ ಹಾಗೆ ಫಾರ್ಮೇಶನ್ ಹೆಣೆಯಿರಿ. ಒಂದು ಎಚ್ಚರಿಕೆ ಮಾತ್ರ ಬೇಕು: ನೀವು ಬರಿಗಾಲು, ಅವರು ಶೂ. ಸಾಲು ಬದಲಾಗುವಾಗ ಶೂ ಕಾಲು ಬರಿಗಾಲ ಬೆರಳ ಮೇಲೆ ಬಿದ್ದರೆ ಹಳೇ ಜಗಳ ಮತ್ತೆ ಶುರುವಾಗುತ್ತದೆ. ದಾರಿಗಳನ್ನು ಮೊದಲೇ ನೆಲದ ಮೇಲೆ ಟೇಪ್ ಹಚ್ಚಿ ಗುರುತು ಮಾಡಿಕೊಳ್ಳಿ, ನಿಧಾನವಾಗಿ ನಡೆದು ನೋಡಿ.

ಎರಡನೇ ಮೀಟಿಂಗ್‌ಗೆ ನೀವೇ ಹೋಗಿ ಕರೆಯಿರಿ. ಹಾಲ್‌ನಲ್ಲಿ ನಿಮ್ಮ ತಂಡಕ್ಕೆ ಸಿಕ್ಕಿರುವ ಸಮಯದಲ್ಲೇ ಒಂದು ಗಂಟೆ ಈ ಪ್ರಾಕ್ಟೀಸ್‌ಗೆ ಬಿಟ್ಟುಕೊಡುತ್ತೇವೆ ಅಂತ ಮೊದಲು ಹೇಳಿ, ಸ್ಟೆಪ್‌ಗಳ ಮಾತು ಆಮೇಲೆ.